ತೂತಿನ ಸಾಮಾನು

ಪಾತ್ರೆ ಪಡಗದಲ್ಲಿ ಒಂಚೂರೂ ಮರ್ಯಾದೆ ಇಲ್ದೆ ದುಡಿಯೋದು ಅಂದ್ರೆ ಈ ತೂತಿನ ಸಾಮಾನುಗಳೇ. ಗೌರಿ ಬಾಗಿನದಲ್ಲಿ ಮೊರಕ್ಕೆ ಜಾಗ ಇದೆ, ಜರಡಿಗಿಲ್ಲ. ಲೋಟ ತಟ್ಟೆಗೆಲ್ಲಾ ಅಂಗಡೀಲೇ ಹೆಸರು ಹಾಕಿಸ್ತೀವಿ, ಟೀ ಸೋಸೋದಕ್ಕೆ ಯಾರೂ ಹಾಕಿಸಲ್ಲ, ಹಾಕಿಸೋಣ ಅಂದ್ರೂ ಜಾಗ ಎಲ್ಲಿದೆ ಹೇಳಿ, ಇರೋದೆಲ್ಲಾ ತೂತೇ.

ಕೊಳ್ಳೋವಾಗ್ಲೂ ಅಷ್ಟೆ, ಹೊಳಪು ನೋಡಿ ತಗೊಂಡು ಬರೋದು. ಇನ್ನು ಕೆಲವರು ಬ್ಯಾಗಲ್ಲಿ ಮ್ಯಾಗ್ನೆಟ್ ಇಟ್ಕೊಂಡೇ ಹೋಗ್ತಾರೆ, ಅಂಟದಿದ್ರೆ ಒಳ್ಳೆ ಸ್ಟೀಲು ಅಂತ ಲೆಕ್ಕ. 304 ಅನ್ನೋ ಸ್ಟೀಲಲ್ಲಿ ಸುಮಾರು 18 ಪರ್ಸೆಂಟ್ ಕ್ರೋಮಿಯಂ, 8 ಪರ್ಸೆಂಟ್ ನಿಕಲ್ ಇರುತ್ತೆ, ಅಗ್ಗದ 202ರಲ್ಲಿ ನಿಕಲ್ ಕಮ್ಮಿ ಮಾಡಿ ಮ್ಯಾಂಗನೀಸ್ ಜಾಸ್ತಿ ಸೇರಿಸಿರ್ತಾರೆ, ಸಾಮಾನ್ಯವಾಗಿ ಎರಡಕ್ಕೂ ಮ್ಯಾಗ್ನೆಟ್ ಅಂಟಲ್ಲ. ಮೇಲಾಗಿ ಒಳ್ಳೆ 304ನ್ನೇ ಸಣ್ಣ ತಂತಿಯಾಗಿ ಎಳೆದ್ರೆ ಅದು ಮ್ಯಾಗ್ನೆಟ್ಟಿಗೆ ಸ್ವಲ್ಪ ಅಂಟೋಕೆ ಶುರು ಮಾಡುತ್ತೆ. ಅಲ್ಲಿಗೆ ಜಾಲರಿ ವಿಷಯದಲ್ಲಿ ಮ್ಯಾಗ್ನೆಟ್ ಮಾತು ಕೇಳೋದು ದಂಡ.

ನೋಡ್ಬೇಕಾದ್ದು ಅಂಚು. ಜಾಲರಿ ಬಳೆಗೆ ಸೇರೋ ಜಾಗದಲ್ಲಿ ಸಂದಿ ಇತ್ತೋ, ಟೀ ಪುಡಿ ಅಲ್ಲೇ ಸಂಸಾರ ಹೂಡುತ್ತೆ, ಉಗುರೂ ಹೋಗಲ್ಲ ಬ್ರಷ್ಷೂ ಹೋಗಲ್ಲ, ಕೊನೆಗೆ ಅಲ್ಲೇ ಬಿಟ್ಕೊಂಡು ತಂತಿ ತುದಿ ಬೆರಳಿಗೆ ಚುಚ್ಚುತ್ತೆ. ಹಿಡಿ ಕೂಡಿರೋ ಜಾಗವನ್ನೂ ಹೆಬ್ಬೆರಳಲ್ಲಿ ಅಮುಕಿ ನೋಡಿ, ಅಂಗಡಿಯವನು ಮುಖ ಸಿಂಡರಿಸಿದ್ರೆ ಸಿಂಡರಿಸ್ಲಿ.

ಆಮೇಲೆ ತೂತು. ಎಲ್ಲದಕ್ಕೂ ಒಂದೇ ಸಾಕು ಅನ್ನೋರನ್ನ ನಾನು ನಂಬಲ್ಲ. ಡಸ್ಟ್ ಟೀಗೆ ಎರಡು ಪದರದ ಸಣ್ಣ ಜಾಲರಿ ಬೇಕು, ಅದ್ರಲ್ಲೇ ಹುಣಸೆ ರಸ ಹಿಂಡೋಕೆ ಹೋದ್ರೆ ತಿರುಳು ಕಚ್ಕೊಂಡು, ನಾವು ಸ್ಪೂನಲ್ಲಿ ಒತ್ತಿ ಒತ್ತಿ ಅದ್ರ ಹೊಟ್ಟೆ ಜೋತು ಬೀಳುತ್ತೆ. ಹುಣಸೆಗೆ ದೊಡ್ಡ ತೂತಿಂದೇ ಸರಿ. ಇನ್ನು ರಾಗಿ ಹಾಲುಬಾಯಿಗೆ ನೆನೆಸಿ ರುಬ್ಬಿದ ರಾಗಿಯಿಂದ ಹಾಲು ತೆಗೀಬೇಕಲ್ಲ, ಅಲ್ಲಿ ಯಾವ ಸ್ಟೀಲೂ ಹಳೇ ಪಂಚೆ ತುಂಡಿನ ಮುಂದೆ ನಿಲ್ಲಲ್ಲ.

ನನಗೆ ಇಷ್ಟ ಅಂದ್ರೆ ಜಾರ. ಪೂರಿ ಎತ್ತೋಕೆ ಚಪ್ಪಟೆ, ದೊಡ್ಡ ತೂತಿನ, ಉದ್ದ ಹಿಡೀದು ಇದ್ರೆ ಎಣ್ಣೆ ಬೇಗ ಇಳಿಯುತ್ತೆ, ಕೈಗೂ ಬಿಸಿ ತಟ್ಟಲ್ಲ. ಬೂಂದಿ ಜಾರದ ಗತ್ತೇ ಬೇರೆ. ಕಾಳು ಎಷ್ಟು ದಪ್ಪ ಅನ್ನೋದು ಬಹುಪಾಲು ಆ ತೂತಿನ ಕೈಲೇ ಇರೋದು, ಲಾಡುಗೊಂದು ಖಾರಕ್ಕೊಂದು ಅಂತ ಅಡುಗೆ ಭಟ್ಟರು ಬೇರೆ ಬೇರೆ ಇಟ್ಕೊಂಡಿರ್ತಾರೆ. ಒಂದು ಸುತ್ತು ಹಿಟ್ಟು ಬಿಟ್ಟ ಮೇಲೆ ಅವರು ಜಾರದ ತಳ ಒರೆಸೋದನ್ನ ಗಮನಿಸಿ, ಒರೆಸದೆ ಹಾಗೇ ಬಿಟ್ರೆ ತೂತಿನ ಬಾಯಲ್ಲಿ ಹಿಟ್ಟು ಅಂಟ್ಕೊಂಡು ಮುಂದಿನ ಕಾಳಿಗೆಲ್ಲಾ ಬಾಲ ಬರುತ್ತೆ. ಒರೆಸೋದೂ ಒಣ ಬಟ್ಟೇಲೇ, ತೊಳೆದು ಒದ್ದೆ ಜಾರ ಇಳಿಸಿದ್ರೆ ಎಣ್ಣೆ ಸಿಡಿದು ಎಲ್ರೂ ಅಡುಗೆಮನೆ ಬಿಟ್ಟು ಓಡ್ಬೇಕು. ಬೋಂಡ ಕರಿದಾಗ ಉಳಿಯೋ ಪುಡಿಗೆ ಮಾತ್ರ ತೂತಿನ ಜಾರ ಸಾಲದು, ತಂತಿ ಜಾಲರಿ ಸೌಟೇ ಬೇಕು, ಪುಡಿ ಅಲ್ಲೇ ಬಿಟ್ರೆ ಕರಟಿ ಎಣ್ಣೆ ಕಪ್ಪಾಗುತ್ತೆ.

ಒಂದರೊಳಗೊಂದು ಕೂರೋ ಮೂರರ ಸೆಟ್ ನೋಡೋಕೇನೋ ಚೆನ್ನ. ಚಿಕ್ಕದು ಟೀಗೆ ಆಗುತ್ತೆ, ಮಧ್ಯದ್ದು ಮೊಳೇಲಿ ನೇತಾಡುತ್ತೆ, ದೊಡ್ಡದು ಹೆಚ್ಚಿಟ್ಟ ಹಣ್ಣಿಗೆ ನೊಣ ಕೂರದ ಹಾಗೆ ಮುಚ್ಚೋಕೆ. ಬಿಡಿಬಿಡಿಯಾಗಿ ತಗೊಳ್ಳೋದೇ ವಾಸಿ.

ಕಟ್ಕೊಂಡಿರೋ ಜಾಲರಿಗೆ ಹಳೇ ಮದ್ದು ಒಂದಿದೆ. ಕಾಫಿ ಫಿಲ್ಟರಿನ ಮೇಲ್ಭಾಗ ಡಿಕಾಕ್ಷನ್ ಇಳಿಸದೆ ಮುಷ್ಕರ ಹೂಡಿದಾಗ ಗ್ಯಾಸ್ ಉರಿ ಮೇಲೆ ಹಿಡಿದು, ಒಳಗಿನ ಪುಡಿ ಸುಟ್ಟ ಮೇಲೆ ಕುಟ್ಟಿ ಉದುರಿಸ್ತಾರಲ್ಲ, ಅದೇ. ಸ್ಟೀಲ್ ಟೀ ಜಾಲರಿಗೂ ನಡೆಯುತ್ತೆ, ಬಣ್ಣ ಸ್ವಲ್ಪ ನೀಲಿ ತಿರುಗಬಹುದು ಅಷ್ಟೆ. ಪ್ಲಾಸ್ಟಿಕ್ ಹಿಡಿ, ನೈಲಾನ್ ಜಾಲರಿ ಇರೋದಕ್ಕೆ ಈ ಉಪಚಾರ ಮಾಡೋಕೆ ಹೋಗ್ಬೇಡಿ ಮತ್ತೆ.