ಹೆನ್ ಡೊಮೆನ್ ಬರೀ ದಿಣ್ಣೆಯಲ್ಲ

ವೇಲ್ಸ್ ಕೋಟೆಗಳ ಲೇಖನ ಇಷ್ಟವಾಯಿತು. ಆದರೆ ಮರದ ಕೋಟೆಗಳ ವಿಷಯವನ್ನು ‘ಈಗ ಹುಲ್ಲು ಬೆಳೆದ ದಿಣ್ಣೆ ಬಿಟ್ಟರೆ ನೋಡಲು ಏನೂ ಉಳಿದಿಲ್ಲ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದಕ್ಕೆ ಬೇಸರವಾಯಿತು.

ಮಾಂಟ್ಗೊಮರಿ ಊರಿನ ಹತ್ತಿರದ ಹೆನ್ ಡೊಮೆನ್ ನೋಡಿ. ವೆಲ್ಶ್ ಭಾಷೆಯಲ್ಲಿ ಆ ಹೆಸರಿಗೆ ‘ಹಳೆಯ ದಿಣ್ಣೆ’ ಎಂದೇ ಅರ್ಥ. 1070ರ ದಶಕದಲ್ಲಿ, ಫ್ರಾನ್ಸ್‌ನಿಂದ ಬಂದು ಇಂಗ್ಲೆಂಡ್ ಗೆದ್ದಿದ್ದ ನಾರ್ಮನ್ನರ ಸರದಾರ ರೋಜರ್ ಕಟ್ಟಿಸಿದ ಮರದ ಕೋಟೆ. ಎತ್ತರದ ಮಣ್ಣಿನ ದಿಬ್ಬ, ಪಕ್ಕದಲ್ಲಿ ಅಂಗಳ, ಸುತ್ತ ಏರಿ, ಕಂದಕ. 1095ರಲ್ಲಿ ವೆಲ್ಶರು ಇದನ್ನು ವಶಪಡಿಸಿಕೊಂಡಿದ್ದರು.

ಪುರಾತತ್ವಜ್ಞ ಫಿಲಿಪ್ ಬಾರ್ಕರ್ ಇಲ್ಲಿ 1960ರಲ್ಲಿ ಉತ್ಖನನ ಶುರು ಮಾಡಿದರು. ಮೂರು ದಶಕ ಕೆಲಸ ನಡೆಯಿತು. ಅಷ್ಟು ಕಾಲ ಬೇಕೇ ಎನ್ನಬೇಡಿ. ಮರ ಕೊಳೆತುಹೋಗಿದೆ. ಕಂಬ ನಿಂತಿದ್ದ ಕಡೆ ಉಳಿದಿರುವುದು ಮಣ್ಣಿನ ಬಣ್ಣದಲ್ಲಿ ಸಣ್ಣ ವ್ಯತ್ಯಾಸ, ಅಷ್ಟೇ. ಕರಣೆಯಿಂದ ಪದರ ಪದರವಾಗಿ ಕೆರೆದರೆ ಮಾತ್ರ ಆ ಕಲೆ ಕಾಣುತ್ತದೆ, ಗುದ್ದಲಿ ಹಾಕಿದರೆ ಹೋಯಿತು! ಹಾಗೆ ಕೆರೆದಾಗಲೇ ಅಂಗಳದ ತುಂಬ ಒತ್ತೊತ್ತಾಗಿ ಕಟ್ಟಡಗಳಿದ್ದದ್ದು, ಅವನ್ನು ಮತ್ತೆ ಮತ್ತೆ ಕಟ್ಟಿದ್ದು ತಿಳಿದುಬಂತು. ಕೋಟೆಯ ಅಡಿಯಲ್ಲಿ ಇನ್ನೂ ಹಳೆಯ ಹೊಲದ ಉಳುಮೆ ಸಾಲುಗಳೂ ಸಿಕ್ಕವು. ನನ್ನ ಮನಸ್ಸಿಗೆ ಬಹಳ ತಟ್ಟಿದ್ದು ಅದೇ. ಯಾರದೋ ಉತ್ತ ಹೊಲದ ಮೇಲೆ ಈ ಏರಿ ಎದ್ದಿತ್ತು.

1223ರಲ್ಲಿ ಇಂಗ್ಲೆಂಡಿನ ರಾಜ ಮೂರನೇ ಹೆನ್ರಿ ಹತ್ತಿರದ ಬಂಡೆಯ ಮೇಲೆ ಕಲ್ಲಿನ ಕೋಟೆ ಶುರು ಮಾಡಿಸಿದ. ನಿಮ್ಮ ಲೇಖನದ ಫೋಟೊ ಅದರದು. ದಯವಿಟ್ಟು ದಿಣ್ಣೆಯದೂ ಒಂದು ಹಾಕಿ.