ಹಣ್ಣಿನ ಮೇಲಿನ ಸಂಖ್ಯೆ: ಸ್ಪಷ್ಟನೆ

ಹಣ್ಣಿನ ಸ್ಟಿಕ್ಕರಿನ ಸಂಖ್ಯೆ 4ರಿಂದ ಶುರುವಾದರೆ ವಿಷ, 8ರಿಂದ ಶುರುವಾದರೆ ಕುಲಾಂತರಿ ಎಂಬ ಸಂದೇಶ ಕಾಸರಗೋಡಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಅದು ತಪ್ಪು. ಇಲ್ಲಿನ ಸೂಪರ್ ಮಾರ್ಕೆಟಿನ ಹಣ್ಣು ತರಕಾರಿ ವಿಭಾಗದಲ್ಲಿ ಕೆಲಸ ಮಾಡುವವನಾಗಿ ಹೇಳುತ್ತಿದ್ದೇನೆ.

ಆ ಸಂಖ್ಯೆ ಇರುವುದು ಬಿಲ್ ಮಾಡುವವರಿಗಾಗಿ. ಅಂತಾರಾಷ್ಟ್ರೀಯ ಒಕ್ಕೂಟವೊಂದು ಅದನ್ನು ನಿಗದಿಪಡಿಸುತ್ತದೆ. ಕಿವಿ ಹಣ್ಣಿಗೆ 4030. ಸಾವಯವ ಕಿವಿಯಾದರೆ ಮುಂದೆ 9 ಸೇರಿ 94030. ಎಷ್ಟು ಔಷಧ ಸಿಂಪಡಿಸಿದ್ದಾರೆ ಎಂಬುದನ್ನು ಅದು ಹೇಳುವುದೇ ಇಲ್ಲ. 8ನ್ನು ಒಮ್ಮೆ ಕುಲಾಂತರಿಗೆಂದು ಕಾದಿರಿಸಿದ್ದು ನಿಜ. ಆದರೆ ಅಂಗಡಿಗಳಲ್ಲಿ ಅದು ಬಳಕೆಗೆ ಬರಲಿಲ್ಲ, ಮುಂದೆ ಆ ಏರ್ಪಾಡನ್ನೇ ಕೈಬಿಟ್ಟರು.

ಮೊನ್ನೆ ಹಿರಿಯರೊಬ್ಬರು ಮೊಮ್ಮಗಳಿಗೆಂದು ಆರಿಸಿದ ಸೇಬನ್ನು ಸ್ಟಿಕ್ಕರ್ ನೋಡಿ ಮರಳಿ ಇಟ್ಟುಬಿಟ್ಟರು. ಸಂಕಟವಾಯಿತು. ದಯವಿಟ್ಟು ಆ ಸಂದೇಶವನ್ನು ಇನ್ನು ಯಾರಿಗೂ ಕಳುಹಿಸಬೇಡಿ.