ಅರ್ಜಿಗೆ ಎರಡೇ ವರ್ಷ ಆಯಸ್ಸು

ನಮ್ಮ ತೋಟಕ್ಕೆ ಅಡಿಕೆ ಕೊನೆ ಇಳಿಸಲು ಬರುತ್ತಿದ್ದ ಕೊನೆಗಾರನ ಅರ್ಜಿಗೆ ಮೊನ್ನೆ ಒಂದೂವರೆ ವರ್ಷ ತುಂಬಿತು. ಇನ್ನಾರು ತಿಂಗಳು ಹೀಗೇ ಬಿಟ್ಟರೆ ಅದು ತನ್ನಷ್ಟಕ್ಕೆ ತಾನೇ ಸಾಯುತ್ತದೆ. 2024ರ ಅಕ್ಟೋಬರಿನಲ್ಲಿ ಅಂಗವಿಕಲರ ಹಕ್ಕುಗಳ ನಿಯಮಗಳನ್ನು ತಿದ್ದಿದರಲ್ಲ, ಅದರ ಪುಣ್ಯ. ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ ಕಾರ್ಡಿಗೆ ಹಾಕಿದ ಅರ್ಜಿಯನ್ನು ವೈದ್ಯಕೀಯ ಪ್ರಾಧಿಕಾರದವರು ಎರಡು ವರ್ಷ ದಾಟಿದರೂ ತೀರ್ಮಾನ ಮಾಡದಿದ್ದರೆ ಅರ್ಜಿ ‘ನಿಷ್ಕ್ರಿಯ’. ಮತ್ತೆ ಮೊದಲಿಂದ ಹಾಕಬೇಕು.

ಎರಡು ವರ್ಷ ಸುಮ್ನೆ ಕೂತವರು ಅವರು. ನಿಷ್ಕ್ರಿಯ ಅಂತ ಹೆಸರು ಬಂದದ್ದು ಅರ್ಜಿಗೆ!

ಅದೇ ತಿದ್ದುಪಡಿಯಲ್ಲಿ ಇನ್ನೊಂದು ಮುತ್ತಿದೆ. ಮೊದಲು ವೈಕಲ್ಯದ ಸರ್ಟಿಫಿಕೇಟನ್ನು ಒಂದು ತಿಂಗಳೊಳಗೆ ಕೊಡಬೇಕು ಅಂತಿತ್ತು. ಈಗ ಮೂರು ತಿಂಗಳು. ಇದು ಸುಧಾರಣೆ. ನಮ್ಮೂರ ಏಳೂವರೆ ಬಸ್ಸು ದಿನಾ ಒಂಬತ್ತಕ್ಕೇ ಬರುವುದು. ಇಷ್ಟು ವರ್ಷ ಪಾಪ ಡ್ರೈವರಿಗೆ ಬೈದೆವು. ಬೋರ್ಡಿನಲ್ಲಿ ಒಂಬತ್ತು ಅಂತ ಬರೆದುಬಿಟ್ಟರೆ ಬಸ್ಸು ರೈಟ್ ಟೈಮಿಗೆ ಬಂದ ಹಾಗೇ ಅನ್ನುವುದು ನಮ್ಮ ತಲೆಗೆ ಹೊಳೆಯಲಿಲ್ಲ. ದಿಲ್ಲಿಯವರಿಗೆ ಹೊಳೆಯಿತು. ಅಂದ ಹಾಗೆ, ಅರ್ಜಿ ಜೊತೆ ಕೊಡುವ ಫೋಟೋ ಮಾತ್ರ ಆರು ತಿಂಗಳಿಗಿಂತ ಹಳೆಯದಾಗಿರಬಾರದು.

ನನಗೆ ತಕ್ಷಣ ಸಿಗಂದೂರು ಸೇತುವೆ ನೆನಪಾಯಿತು. ಲಿಂಗನಮಕ್ಕಿ ಡ್ಯಾಮು ಮುಗಿದದ್ದು 1964ರಲ್ಲಿ. ತುಮರಿ ಕಡೆಯವರ ದಾರಿ ಹಿನ್ನೀರಿನ ಪಾಲಾಯಿತು. ಸೇತುವೆ ಉದ್ಘಾಟನೆ ಆದದ್ದು 2025ರ ಜುಲೈಯಲ್ಲಿ. ನಡುವಿನ ಕಾಲವೆಲ್ಲ ಲಾಂಚಿನದು. ಸಂಜೆ ಕೊನೇ ಲಾಂಚು ಹೋಯ್ತು ಅಂದರೆ ಆಚೆ ದಡದವರಿಗೆ ರಾತ್ರಿ ಹೊಟ್ಟೆನೋವೂ ಬರಬಾರದು, ಹೆರಿಗೆ ನೋವೂ ಬರಬಾರದು. ಈ ಎರಡು ವರ್ಷದ ನಿಯಮ ಆಗಲೇ ಇದ್ದಿದ್ದರೆ ಆ ಜನರ ಮನವಿ ಮೂವತ್ತು ಸಲ ಸತ್ತು ಮೂವತ್ತು ಸಲ ಹುಟ್ಟಬೇಕಿತ್ತು. ಪುಣ್ಯಕ್ಕೆ ಅವರು ಅರ್ಜಿ ಕೊಟ್ಟದ್ದು ಕಾಗದದಲ್ಲಿ. ಕಾಗದಕ್ಕೆ ಗೆದ್ದಲು ಹಿಡಿಯುತ್ತದೆ ನಿಜ, ಆದರೆ ‘ನಿಷ್ಕ್ರಿಯ’ ಆಗುವುದಿಲ್ಲ.

ಕೊನೆಗಾರನ ವಿಷಯಕ್ಕೆ ಬರುತ್ತೇನೆ. ಒಂದು ಅಡಿಕೆ ಮರದ ತುದಿಯಲ್ಲಿ ಕೂತು, ಪಕ್ಕದ ಮರ ಬಗ್ಗಿಸಿ, ನೆಲಕ್ಕಿಳಿಯದೆ ಅರ್ಧ ತೋಟ ದಾಟುತ್ತಿದ್ದ ಆಸಾಮಿ. ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಯಲು ಹತ್ತಿದಾಗ ಪಾಚಿ ಕಟ್ಟಿದ ಮರದಿಂದ ಜಾರಿದ. ಸೊಂಟದ ಕೆಳಗೆ ಸ್ವಾಧೀನವಿಲ್ಲ. ಅವನ ಮನೆಯಲ್ಲಿ ಸಿಗ್ನಲ್ಲೂ ಇಲ್ಲ. ತಪಾಸಣೆ ಕ್ಯಾಂಪಿಗೆ ಬನ್ನಿ ಅನ್ನುವ ಮೆಸೇಜು ಕಂಡದ್ದು ಮಗ ಫೋನು ಹಿಡಿದು ಹಿಂದಿನ ಗುಡ್ಡ ಹತ್ತಿದಾಗ. ಕ್ಯಾಂಪು ಹಿಂದಿನ ದಿನವೇ ಮುಗಿದಿತ್ತು. ಎರಡನೇ ಸಲ ನಾಲ್ಕು ಜನ ಕುರ್ಚಿ ಸಮೇತ ಎತ್ತಿಕೊಂಡು ಕಾಲುಸಂಕ ದಾಟಿಸಿದೆವು. ಜಡಿಮಳೆ, ಕೆಳಗೆ ಕೆಂಪು ಹಳ್ಳ. ಅಲ್ಲಿಂದ ಬಾಡಿಗೆ ಓಮ್ನಿ. ಆಸ್ಪತ್ರೆ ಮುಟ್ಟಿದರೆ, "ಮೂಳೆ ಡಾಕ್ಟ್ರು ಇವತ್ತು ಮೀಟಿಂಗಿಗೆ ಹೋಗಿದಾರೆ, ಮುಂದಿನ ವಾರ ಬನ್ನಿ."

ವಾಪಸು ಬರುವಾಗ ಓಮ್ನಿಯಲ್ಲಿ ಅವನಿಗೆ ಕಾರ್ಡಿನ ಬಣ್ಣಗಳ ಬಗ್ಗೆ ಹೇಳಿದೆ. ವೈಕಲ್ಯ 40 ಪರ್ಸೆಂಟಿಗಿಂತ ಕಡಿಮೆ ಇದ್ದರೆ ಬಿಳಿ, ಅಲ್ಲಿಂದ 80ರವರೆಗೆ ಹಳದಿ, 80 ಮತ್ತು ಮೇಲಕ್ಕೆ ನೀಲಿ.

"ಹಸ, ಬೆಟ್ಟೆ, ರಾಶಿ ಅಂತ ಮಂಡಿಯಲ್ಲಿ ಅಡಿಕೆ ಆರಿಸ್ತಾರಲ್ಲ, ಹಂಗಾ?" ಅಂದ.

ಹಾಗೇ ಮಾರಾಯ. ವ್ಯತ್ಯಾಸ ಇಷ್ಟೇ, ಮಂಡಿಯಲ್ಲಿ ಕಳಪೆ ಗೊರಬಲಿಗೂ ಒಂದು ರೇಟಿರುತ್ತದೆ. ಇಲ್ಲಿ 39 ಪರ್ಸೆಂಟಿನವನಿಗೆ ಬಿಳಿ ಕಾರ್ಡು ಸಿಗುತ್ತದೆ, ಪಿಂಚಣಿ ಸಿಗುವುದಿಲ್ಲ. ಎರಡು ಕಾಲಿನಲ್ಲಿ ಒಂದು ಪರ್ಸೆಂಟನ್ನು ಎಲ್ಲಿ ಅಂತ ಹುಡುಕುತ್ತಾರೋ! ಯಾವ ತಕ್ಕಡಿಯೋ!

ಸುಳ್ಳು ಹೇಳಬಾರದು, 2016ರ ಕಾಯ್ದೆ ಚೆನ್ನಾಗಿಯೇ ಇದೆ. ಹಳೆಯ ಕಾಯ್ದೆಯಲ್ಲಿ 7 ಬಗೆಯ ವೈಕಲ್ಯ ಇತ್ತು, ಇದರಲ್ಲಿ 21. ಹೆಸರೂ ಬೆಳೆದಿದೆ. ಅಂಗವಿಕಲ ಹೋಗಿ ವಿಕಲಚೇತನ ಬಂತು, ಆಮೇಲೆ ವಿಶೇಷಚೇತನ, ಆಮೇಲೆ ದಿವ್ಯಾಂಗ. ಬೆಳೆಯದೇ ಉಳಿದದ್ದು ಕೇಂದ್ರದ ಪಿಂಚಣಿ. 80 ಪರ್ಸೆಂಟ್ ವೈಕಲ್ಯ ಇರುವ ಬಡವರಿಗೆ 2012ರಲ್ಲಿ ತಿಂಗಳಿಗೆ 300 ರೂಪಾಯಿ ಮಾಡಿದರು. ಅದು ಅಲ್ಲೇ ನಿಂತಿದೆ, ಲಿಂಗನಮಕ್ಕಿಯ ಒಣಮರದ ಹಾಗೆ. ದಿನಕ್ಕೆ 10 ರೂಪಾಯಿ. ದಿವ್ಯತೆಗೆ ಅಷ್ಟು ಸಾಕು ಅಲ್ವಾ? ನಮ್ಮ ರಾಜ್ಯದ ದುಡ್ಡೂ ಸೇರಿದರೆ 75 ಪರ್ಸೆಂಟ್ ದಾಟಿದವರಿಗೆ 1,400. ಆವತ್ತಿನ ಓಮ್ನಿ ಬಾಡಿಗೆ ಅದಕ್ಕಿಂತ ಜಾಸ್ತಿ.

ತಮಾಷೆ ಮಾಡಿ ಮಾಡಿ ನನಗೂ ಸಾಕಾಗಿದೆ. ಒಬ್ಬ ಮನುಷ್ಯನ ಬೆನ್ನು ಮುರಿದಿದೆ. ಎಕ್ಸ್‌ರೇ ಇದೆ. ಆಪರೇಷನ್ನಿನ ಚೀಟಿ ಇದೆ. ಮನುಷ್ಯನೇ ಕಣ್ಣೆದುರು ಕುರ್ಚಿಯಲ್ಲಿದ್ದಾನೆ. ಇದನ್ನು ನೋಡಿ ‘ಹೌದು’ ಅನ್ನಲು ಎಷ್ಟು ಹೊತ್ತು ಬೇಕು? ತಡ ಮಾಡಿದವರು ಸಂಬಳ ತಗೊಂಡು ಮನೆಗೆ ಹೋಗುತ್ತಾರೆ. ಅರ್ಜಿ ಹಾಕಿದವನು ಮತ್ತೆ ಹಳ್ಳ ದಾಟಬೇಕು. ಹೊರುವವರು ನಾಲ್ಕು ಜನ ಪ್ರತಿ ಸಲ ಸಿಗುತ್ತಾರಾ? ಕೊಯ್ಲಿನ ದಿನಗಳಲ್ಲಂತೂ ಒಬ್ಬನೂ ಸಿಗುವುದಿಲ್ಲ.

ಅವನೇನೋ ಬುದ್ಧಿವಂತ. ಈ ಅರ್ಜಿ ಸಾಯುವ ತನಕ ಕಾಯುವುದು ಬೇಡ, ಮುಂದಿನ ಅರ್ಜಿಗೆ ಬೇಕಾದ್ದೆಲ್ಲ ಈಗಲೇ ಹೊಂದಿಸಿಡೋಣ ಅಂತ ಮೊನ್ನೆ ಪೇಟೆಗೆ ಹೋಗಿ ಹೊಸ ಫೋಟೋ ತೆಗೆಸಿಕೊಂಡು ಬಂದಿದ್ದಾನೆ. ಸ್ಟುಡಿಯೋ ಹುಡುಗ ಮೂರು ಸಲ "ಸ್ವಲ್ಪ ನೆಟ್ಟಗೆ ಕೂತ್ಕೊಳ್ಳಿ ಅಣ್ಣಾ" ಅಂದನಂತೆ.

"ಅದು ಬರೋ ಹಂಗಿದ್ರೆ ನಿನ್ ಹತ್ರ ಯಾಕೆ ಬರ್ತಿದ್ದೆ ಮಾರಾಯಾ," ಅಂದನಂತೆ ಇವನು.